ಆ ಒಂದು ಸಾಲು ಅಳಿಸುವ ಮುನ್ನ...

2021. ಕೆಲಸಕ್ಕೆ ಸೇರಿದ ಹೊಸತು. ಆರ್ಮ್ 64-ಬಿಟ್ ಬೋರ್ಡ್ ಒಂದಕ್ಕೆ ಹೊಸ ಲಿನಕ್ಸ್ ಕರ್ನಲ್ ಬಿಲ್ಡ್ ಮಾಡಬೇಕಿತ್ತು. ರಾತ್ರಿ ಒಂಬತ್ತಾಗಿತ್ತು. ಮೇಕ್ ಕೊಟ್ಟರೆ ಶುರುವಿನಲ್ಲೇ ತಕರಾರು: ನಿಮ್ಮ ಜಿಸಿಸಿ ತೀರಾ ಹಳೆಯದು, 5.1 ಅಥವಾ ಅದಕ್ಕಿಂತ ಹೊಸದು ಬಳಸಿ. ನಮ್ಮಲ್ಲಿದ್ದದ್ದು 4.9. ಕಂಪೈಲರ್ ಬದಲಿಸೋದಂದ್ರೆ ನಾಲ್ಕು ಜನರ ಒಪ್ಪಿಗೆ, ಎರಡು ವಾರದ ಕೆಲಸ. ನಾನೇನು ಮಾಡಿದೆ ಗೊತ್ತಾ? ತಡೆಯುತ್ತಿದ್ದ ಆ ಸಾಲನ್ನೇ ಕಾಮೆಂಟ್ ಮಾಡಿಬಿಟ್ಟೆ! ಬಿಲ್ಡ್ ಆಯ್ತು, ಬೋರ್ಡ್ ಬೂಟ್ ಆಯ್ತು, ನಾನು ಖುಷಿಯಾಗಿ ಮನೆಗೆ ಹೋದೆ :-)

ಮರುದಿನ ರಿವ್ಯೂನಲ್ಲಿ ಸೀನಿಯರ್ ಕೇಳಿದ್ದು ಒಂದೇ ಪ್ರಶ್ನೆ. "ಈ ಸಾಲು ಯಾಕಿತ್ತು ಅಂತ ನೋಡಿದ್ಯೇನಪ್ಪಾ?"

ನೋಡಿರಲಿಲ್ಲ. ಅದರ ಮೇಲೇ ಎರಡು ಲಿಂಕ್ ಇದ್ದವು.

ಕಥೆ ಇಷ್ಟು. ಆರ್ಮ್ ಲಿನಕ್ಸ್‌ನ ರಸೆಲ್ ಕಿಂಗ್ ಅವರ ಮಷೀನುಗಳಲ್ಲಿ ಯಾವಾಗಲೋ ಒಮ್ಮೆ ಇಎಕ್ಸ್‌ಟಿ4 ಫೈಲ್ ಸಿಸ್ಟಮ್, ಚೆಕ್‌ಸಮ್ ತಾಳೆಯಾಗ್ತಿಲ್ಲ ಅಂತ ದೂರುತ್ತಿತ್ತು. ಡಿಸ್ಕ್‌ನಲ್ಲಿದ್ದ ಮಾಹಿತಿ ಮಾತ್ರ ಸರಿಯಾಗೇ ಇತ್ತು. ಕೊನೆಗೆ 2021ರ ಜನವರಿಯಲ್ಲಿ ಕಳ್ಳ ಸಿಕ್ಕಿದ್ದು ಕಂಪೈಲರ್‌ನಲ್ಲಿ. ಜಿಸಿಸಿ 4.9, ಫಂಕ್ಷನ್ ಮುಗಿಯುವ ಹೊತ್ತಿಗೆ, ಸ್ಟ್ಯಾಕ್‌ನಲ್ಲಿದ್ದ ಉತ್ತರವನ್ನು ಓದಿಕೊಳ್ಳುವ ಮೊದಲೇ ಆ ಜಾಗವನ್ನು ಖಾಲಿ ಅಂತ ಬಿಟ್ಟುಕೊಡುತ್ತಿತ್ತು. ಸರಿಯಾಗಿ ಆ ಕ್ಷಣದಲ್ಲೇ ಇಂಟರಪ್ಟ್ ಒಂದು ಬಂದರೆ ಅದು ಅಲ್ಲೇ ತನ್ನ ಸಾಮಾನು ಇಟ್ಟುಬಿಡುತ್ತದೆ. ಉತ್ತರ ಹಾಳು. ಕೋಟಿ ಸಲಕ್ಕೊಮ್ಮೆ ಆದರೂ ಆಯ್ತಲ್ಲ!

ನಮ್ಮ ಬ್ಲಾಗಿಗರಿಗೆ ಅರ್ಥವಾಗೋ ಹಾಗೆ ಹೇಳೋದಾದ್ರೆ, ಹಳೇ ಬ್ರೌಸರ್‌ಗಳಲ್ಲಿ ನಾವು ಸರಿಯಾಗಿ ಬರೆದ ಕನ್ನಡದ ಒತ್ತಕ್ಷರಗಳು ಚದುರಿ ಕಾಣ್ತಿದ್ವಲ್ಲ, ಹಾಗೆ. ಬರೆದವರ ತಪ್ಪಲ್ಲ, ನಡುವಿನವನ ತಪ್ಪು. ಆದರೆ ಅಲ್ಲಿ ತಪ್ಪು ಕಣ್ಣಿಗೆ ಕಾಣುತ್ತೆ. ಇಲ್ಲಿ ಕಾಣೋದಿಲ್ಲ. ನನ್ನ ಬೋರ್ಡೂ ಬೂಟ್ ಆಗಿತ್ತಲ್ಲ!

ಹಾಗಂತ ಎಲ್ಲ ತಪಾಸಣೆಯನ್ನೂ ಕಣ್ಣಿಗೊತ್ತಿಕೊಳ್ಳಬೇಕು ಅಂತಲ್ಲ. ಒಂದು ಕಾಲದಲ್ಲಿ ಲಿನಕ್ಸ್‌ನಲ್ಲಿ ಜಿಸಿಸಿಯ ಒಂದೊಂದು ಮುಖ್ಯ ಆವೃತ್ತಿಗೂ ಒಂದೊಂದು ಹೆಡರ್ ಫೈಲ್ ಇತ್ತು. 2015ರಲ್ಲಿ ಜಿಸಿಸಿ 5 ಬಂದಾಗ ಹಳೆಯ ಕರ್ನಲ್‌ಗಳು "5ರ ಫೈಲ್ ಇಲ್ಲ" ಅಂತ ನಿಂತುಬಿಟ್ಟವು. ಯಾವ ದೋಷವನ್ನೂ ಕಂಡು ತಡೆದದ್ದಲ್ಲ, ಬರೀ ಹೆಸರಿನ ತಂಟೆ. ಅದೇ ವರ್ಷ 4.2 ಕರ್ನಲ್‌ನಲ್ಲಿ ಅವನ್ನೆಲ್ಲ ಸೇರಿಸಿ ಒಂದೇ ಫೈಲ್ ಮಾಡಿದರು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ಕಂಪೈಲರ್‌ಗೆ ಒಂದು ಆಯ್ಕೆ ಗೊತ್ತಾ ಇಲ್ವಾ ಅನ್ನೋದಕ್ಕೆ ಆವೃತ್ತಿ ಸಂಖ್ಯೆ ನೋಡಬೇಡಿ. ಚಿಕ್ಕದೊಂದು ಕೋಡ್ ಕೊಟ್ಟು ಕಂಪೈಲ್ ಮಾಡಿಸಿ ನೋಡಿ. ಕರ್ನಲ್‌ನ ಬಿಲ್ಡ್ ವ್ಯವಸ್ಥೆಯಲ್ಲೇ ಅದಕ್ಕೆ ಸೌಲಭ್ಯ ಇದೆ. ಆದರೆ ಕೋಟಿಗೊಮ್ಮೆ ಕೈಕೊಡುವ ದೋಷವನ್ನು ಹಾಗೆ ಪರೀಕ್ಷಿಸೋಕಾಗಲ್ಲ. ಅಲ್ಲಿ "ಈ ಆವೃತ್ತಿ ಬೇಡ" ಅಂತ ಬಾಗಿಲು ಹಾಕೋದೇ ಸರಿ. ಹಾಕುವಾಗ ಯಾಕೆ ಅಂತ ಒಂದು ಸಾಲು ಬರೆದಿಡಿ. ಕಾರಣ ಬರೆಯದ ತಪಾಸಣೆಯನ್ನು ಕಿತ್ತುಹಾಕೋಕೆ ನನ್ನಂಥ ಅವಸರದವನೊಬ್ಬ ಬಂದೇ ಬರ್ತಾನೆ. ಕಾರಣ ಬರೆದಿದ್ದರೂ ನಾನು ಕಿತ್ತಿದ್ದೆ, ಅದು ಬೇರೆ ಮಾತು :-(

ಎರಡು ವಾರ ಕಾದು ಕಂಪೈಲರ್ ಬದಲಿಸಿದೆವು. ಪ್ರಾಜೆಕ್ಟ್ ತಡವಾಯ್ತು, ಬೈಸಿಕೊಂಡದ್ದೂ ಆಯ್ತು. ಆ ಸಾಲನ್ನು ಹಾಗೇ ಅಳಿಸಿ ಬೋರ್ಡ್ ಕಳಿಸಿದ್ದರೆ, ಯಾರದೋ ಊರಿನಲ್ಲಿ ಯಾರದೋ ಲೆಕ್ಕ ಯಾವತ್ತೋ ತಪ್ಪುತ್ತಿತ್ತು. ಅದು ನನ್ನಿಂದ ಅಂತ ನನಗೇ ಗೊತ್ತಾಗ್ತಿರಲಿಲ್ಲ.

ನಿಮ್ಮ ಕೆಲಸದಲ್ಲೂ ಇಂಥ "ಕಿರಿಕಿರಿ" ಸಾಲುಗಳು ಇರಬೇಕಲ್ಲ? ಅಳಿಸಿದ್ದೀರಾ? ನಿಜ ಹೇಳಿ...