ಮಡಚಿದರೆ ಸಾಲದು, ಮೆಟ್ರೊ ಹತ್ತಬೇಕು

ಬೆಂಗಳೂರಿನಲ್ಲಿ ದೂರದ ಪ್ರಯಾಣ ಈಗ ಮೊದಲಿನಷ್ಟು ಕಷ್ಟವಲ್ಲ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಸುಮಾರು 19 ಕಿ.ಮೀ. ದಾರಿಯನ್ನು, ಸಿಲ್ಕ್‌ ಬೋರ್ಡ್‌ನ ದಟ್ಟಣೆಯನ್ನು ಕಿಟಕಿಯಿಂದ ನೋಡುತ್ತಾ ದಾಟಿಬಿಡಬಹುದು. ಕಷ್ಟ ಇರುವುದು ಹತ್ತಿರದ ಪ್ರಯಾಣದಲ್ಲಿ. ಮನೆಯಿಂದ ನಿಲ್ದಾಣಕ್ಕೆ ಎರಡು ಕಿ.ಮೀ., ನಿಲ್ದಾಣದಿಂದ ಕಾಲೇಜಿಗೆ ಇನ್ನೊಂದೂವರೆ ಕಿ.ಮೀ. ಆಟೊ ಹತ್ತಿದರೆ ಮೊದಲ 2 ಕಿ.ಮೀ.ಗೆ 36 ರೂಪಾಯಿ. ಒಂದು ತುದಿಯಲ್ಲಿ ಮಾತ್ರ ಆಟೊ ಹಿಡಿದರೂ ಹೋಗಿ ಬರಲು ದಿನಕ್ಕೆ 72 ರೂಪಾಯಿ, 22 ದಿನದ ತಿಂಗಳಿಗೆ 1,584 ರೂಪಾಯಿ. ಅದೂ ಚಾಲಕರು ಮೀಟರ್ ಹಾಕಿದರೆ! ಅಪ್ಪ-ಅಮ್ಮನ ದುಡ್ಡಿನಲ್ಲಿ ಓದುವ ನಮ್ಮಂಥವರಿಗೆ ಇದು ಸಣ್ಣ ಮೊತ್ತವಲ್ಲ. ಕೊನೆಗೆ ಬೇಸತ್ತು ಮೆಟ್ರೊ ಬಿಟ್ಟು ಬೈಕ್ ಹತ್ತುತ್ತೇವೆ. ದಟ್ಟಣೆಗೆ ಇನ್ನೊಂದು ಗಾಡಿ ಸೇರುತ್ತದೆ.

ಈ ಎರಡು ತುದಿಗಳಿಗಾಗಿಯೇ ಹೇಳಿ ಮಾಡಿಸಿದಂತಿರುವುದು ಮಡಚುವ ಎಲೆಕ್ಟ್ರಿಕ್ ಸ್ಕೂಟರ್. ಮನೆಯಿಂದ ಓಡಿಸಿಕೊಂಡು ಬಂದು, ನಿಲ್ದಾಣದಲ್ಲಿ ಮಡಚಿ, ಕೈಯಲ್ಲಿ ಹಿಡಿದು ರೈಲು ಹತ್ತಿ, ಇಳಿದ ಕಡೆ ಮತ್ತೆ ಬಿಡಿಸಿ ಹೊರಡುವುದು. ಪಾರ್ಕಿಂಗ್ ಚಿಂತೆ ಇಲ್ಲ. ಇದೇನೂ ಹೊಸ ಕನಸಲ್ಲ. 1915ರಲ್ಲೇ ಅಮೆರಿಕದಲ್ಲಿ ಹ್ಯಾಂಡಲ್ ಮಡಚುವ ‘ಆಟೊಪೆಡ್‌’ ಎಂಬ ಸ್ಕೂಟರ್ ಬಂದಿತ್ತು. 1981ರಲ್ಲಿ ಹೋಂಡಾ ಕಂಪನಿ ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಳ್ಳುವ ‘ಮೋಟೊಕಾಂಪೊ’ ತಂದಿತು. 2023ರಲ್ಲಿ ಅದರ ವಿದ್ಯುತ್ ರೂಪ ‘ಮೋಟೊಕಾಂಪ್ಯಾಕ್ಟೊ’ ಅಮೆರಿಕದ ಮಾರುಕಟ್ಟೆಗೆ ಬಂತು. ಮಡಚಿದರೆ ಸೂಟ್‌ಕೇಸ್‌ನಂತೆ ಕಾಣುವ ಅದು ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 19 ಕಿ.ಮೀ. ಓಡುತ್ತದೆ. ತೂಕ ಮಾತ್ರ ಹೆಚ್ಚುಕಡಿಮೆ 19 ಕೆ.ಜಿ.

ನನ್ನ ಮೊದಲ ತಕರಾರು ಈ ತೂಕದ ಬಗ್ಗೆಯೇ. ಖಾಲಿ ಗ್ಯಾಸ್ ಸಿಲಿಂಡರ್ ಹೊತ್ತು ನಿಲ್ದಾಣದ ಮೆಟ್ಟಿಲು ಹತ್ತುವುದನ್ನು ಊಹಿಸಿಕೊಳ್ಳಿ, 19 ಕೆ.ಜಿ. ಅದಕ್ಕಿಂತಲೂ ಭಾರ. ಜಾಹೀರಾತುಗಳು ಮಾತನಾಡುವುದು ‘ಎಷ್ಟು ಕಿ.ಮೀ. ಓಡುತ್ತದೆ’ ಎಂಬುದನ್ನಷ್ಟೇ. ಲೆಕ್ಕ ಸರಳ. 36 ವೋಲ್ಟ್‌, 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 360 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಕಿಲೊಮೀಟರಿಗೆ 15 ವ್ಯಾಟ್-ಅವರ್ ಹಿಡಿದರೂ 24 ಕಿ.ಮೀ. ಆಯಿತು. ತುಂಬ ಚಾರ್ಜ್ ಮಾಡಲು ಅರ್ಧ ಯೂನಿಟ್ ವಿದ್ಯುತ್ತೂ ಬೇಡ. ಆದರೆ ಎರಡೂ ತುದಿ ಸೇರಿಸಿ ದಿನಕ್ಕೆ ಏಳೆಂಟು ಕಿ.ಮೀ. ಓಡಿಸುವವರಿಗೆ 24 ಕಿ.ಮೀ. ಯಾಕೆ? ಅರ್ಧ ಬ್ಯಾಟರಿ ಸಾಕು. ತೂಕವೂ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಕೊಳ್ಳುವವರು ಕಿಲೊಮೀಟರ್ ಕೇಳುವ ಮೊದಲು ಕಿಲೊಗ್ರಾಂ ಕೇಳಬೇಕು.

ಎರಡನೆಯದು ಚಕ್ರ. ನಿಂತು ಓಡಿಸುವ ಮಾದರಿಗಳಲ್ಲಿ ಚಕ್ರದ ವ್ಯಾಸ ಸಾಮಾನ್ಯವಾಗಿ ಎಂಟೂವರೆ ಇಂಚು, ಅಂದರೆ ಸುಮಾರು 22 ಸೆಂ.ಮೀ. 26 ಇಂಚಿನ ಸೈಕಲ್ ಚಕ್ರ ಉರುಳಿಕೊಂಡು ದಾಟುವ ಗುಂಡಿಯಲ್ಲಿ ಈ ಪುಟ್ಟ ಚಕ್ರ ಇಳಿದು ಸಿಕ್ಕಿಕೊಳ್ಳುತ್ತದೆ. ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ನಮ್ಮ ರಸ್ತೆಗಳ ಗುಂಡಿಗಳ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಮೋಟರ್ 250 ವ್ಯಾಟ್‌ಗಿಂತ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದು, ತೂಕದ ಮಿತಿಯನ್ನೂ ಮೀರದ ವಾಹನಕ್ಕೆ ನಮ್ಮ ದೇಶದಲ್ಲಿ ನೋಂದಣಿ ಬೇಡ, ಲೈಸೆನ್ಸ್ ಬೇಡ. ಹಾಗೆಂದು ಹೆಲ್ಮೆಟ್ ಬೇಡವೆಂದಲ್ಲ. ಬಿದ್ದಾಗ ನೆಲವೇನೂ ವ್ಯಾಟ್ ಲೆಕ್ಕ ಹಾಕುವುದಿಲ್ಲ. ಇದಕ್ಕಿಂತ ಹೆಚ್ಚು ಶಕ್ತಿಯದ್ದನ್ನು ತರಿಸಿಕೊಂಡರೆ ಅದು ಕಾನೂನಿನ ಕಣ್ಣಲ್ಲಿ ಮೋಟಾರು ವಾಹನ. ಇದು ಗೊತ್ತಿರಲಿ.

ಮೂರನೆಯದು ಮತ್ತು ಮುಖ್ಯವಾದದ್ದು, ಮೆಟ್ರೊ ಬಾಗಿಲು. ಮಡಚುವ ಸೈಕಲ್‌ಗಳಿಗೆ ನಮ್ಮ ಮೆಟ್ರೊ 2021ರಲ್ಲಿ ಕೊನೆಯ ಬೋಗಿಯಲ್ಲಿ ಜಾಗ ಕೊಟ್ಟಿತು. ಬ್ಯಾಟರಿ ಇರುವ ಸ್ಕೂಟರ್‌ ವಿಷಯದಲ್ಲಿ ಭಯ ಇರುವುದು ಸಹಜ. ಬೆಂಕಿ ಅವಘಡಗಳ ನಂತರ ಲಂಡನ್ ತನ್ನ ರೈಲು, ಬಸ್ಸುಗಳಲ್ಲಿ 2021ರ ಡಿಸೆಂಬರ್‌ನಿಂದ ಖಾಸಗಿ ಇ-ಸ್ಕೂಟರ್‌ಗಳನ್ನು ನಿಷೇಧಿಸಿತು. ಮಡಚಿದ್ದಕ್ಕೂ ವಿನಾಯಿತಿ ಇಲ್ಲ. ಲಿಥಿಯಂ ಬ್ಯಾಟರಿಯ ಒಂದು ಕೋಶ ಮಿತಿಮೀರಿ ಬಿಸಿಯಾದರೆ ಪಕ್ಕದ ಕೋಶಕ್ಕೂ ಬೆಂಕಿ ಹಬ್ಬುತ್ತದೆ. ಸುರಂಗದಲ್ಲಿ, ತುಂಬಿದ ಬೋಗಿಯಲ್ಲಿ ಅದು ಆಟದ ಮಾತಲ್ಲ. ಆದರೆ ಭಯಕ್ಕೆ ನಿಷೇಧ ಒಂದೇ ಉತ್ತರವಲ್ಲ. 2022ರಲ್ಲಿ ದೇಶದಲ್ಲಿ ಇ-ಸ್ಕೂಟರ್‌ಗಳು ಸಾಲಾಗಿ ಹೊತ್ತಿಕೊಂಡಾಗ ಸರ್ಕಾರ ಅವುಗಳನ್ನು ನಿಲ್ಲಿಸಲಿಲ್ಲ, ಎಐಎಸ್‌-156 ಎಂಬ ಬ್ಯಾಟರಿ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿತು. ಅದೇ ಬಗೆಯ ಪರೀಕ್ಷೆಯಲ್ಲಿ ಪಾಸಾದ, ಇಷ್ಟೇ ಅಳತೆಯ, ಇಷ್ಟೇ ತೂಕದ ಸ್ಕೂಟರ್‌ಗೆ ದಟ್ಟಣೆ ಇಲ್ಲದ ಹೊತ್ತಿನಲ್ಲಿ, ಕೊನೆಯ ಬೋಗಿಯಲ್ಲಿ ಅವಕಾಶ ಎಂಬ ಸ್ಪಷ್ಟ ನಿಯಮ ಬರಲಿ. ನಿಲ್ದಾಣದ ಬಾಗಿಲಲ್ಲಿ ಭದ್ರತಾ ಸಿಬ್ಬಂದಿಯ ಮನಸ್ಸಿನ ಮೇಲೆ ನಮ್ಮ ಪ್ರಯಾಣ ನಿಲ್ಲಬಾರದು.

ಪ್ಯಾರಿಸ್‌ನಲ್ಲಿ 2023ರ ಏಪ್ರಿಲ್‌ನಲ್ಲಿ ನಡೆದ ಮತದಾನದಲ್ಲಿ ಸುಮಾರು ಶೇ 89 ಮತಗಳು ಬಾಡಿಗೆ ಇ-ಸ್ಕೂಟರ್‌ಗಳ ವಿರುದ್ಧ ಬಿದ್ದವು ಎಂದು ಕೆಲವರು ನೆನಪಿಸಬಹುದು. ನಿಜ. ಆದರೆ ಮತ ಹಾಕಲು ಬಂದವರು ನೂರಕ್ಕೆ ಎಂಟು ಜನರೂ ಇರಲಿಲ್ಲ. ಅಲ್ಲಿನ ಜನ ರೋಸಿಹೋಗಿದ್ದಕ್ಕೆ, ಬಾಡಿಗೆಗೆ ಪಡೆದವರು ಸ್ಕೂಟರ್‌ಗಳನ್ನು ಕಂಡಕಂಡಲ್ಲಿ ಬಿಸಾಡಿ ಹೋಗುತ್ತಿದ್ದದ್ದು ಒಂದು ದೊಡ್ಡ ಕಾರಣ. ಸ್ವಂತದ್ದನ್ನು ಯಾರೂ ಬೀದಿಯಲ್ಲಿ ಬಿಡುವುದಿಲ್ಲ. ಮಡಚಿ ಬೆಂಚಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಪಾದಚಾರಿ ಮಾರ್ಗದ ಮೇಲೆ ಓಡಿಸುವ ಚಟ ಮಾತ್ರ ನಮಗೂ ಅಂಟಬಾರದು. ಅದು ನಡೆಯುವವರ ಜಾಗ. ಅಜ್ಜ-ಅಜ್ಜಿಯರನ್ನು ಹೆದರಿಸಿ ನಾವು ಬೇಗ ತಲುಪಬೇಕಿಲ್ಲ.

ಸ್ಕೂಟರ್ ಬಂತೆಂದು ಫೀಡರ್ ಬಸ್ಸು ಕಡಿಮೆ ಮಾಡುವುದೂ ಬೇಡ. ಎಲ್ಲರಿಗೂ ಸ್ಕೂಟರ್ ಕೊಳ್ಳಲಾಗದು, ಎಲ್ಲರಿಗೂ ನಿಂತು ಓಡಿಸಲಾಗದು. ಆದರೆ ಓಡಿಸಬಲ್ಲವರ ದಾರಿ ಮುಚ್ಚಿರಬಾರದು.

ಸರ್ಕಾರ, ಮೆಟ್ರೊ ನಿಗಮದ ಕೆಲಸ ಹೇಳಿದ್ದಾಯಿತು. ನಮ್ಮದೂ ಒಂದಿದೆ. ಪ್ರತಿವರ್ಷ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಷ್ಟೋ ಫೈನಲ್ ಇಯರ್ ಪ್ರಾಜೆಕ್ಟ್‌ಗಳು ಅಂಕ ಸಿಕ್ಕ ಮರುದಿನ ಮೂಲೆ ಸೇರುತ್ತವೆ. ಹತ್ತು ಕೆ.ಜಿ. ಮೀರದ, ದೊಡ್ಡ ಚಕ್ರದ, ನಮ್ಮ ಗುಂಡಿಗಳನ್ನು ತಾಳಿಕೊಳ್ಳುವ ಒಂದು ಮಡಚುವ ಸ್ಕೂಟರ್ ಯಾಕೆ ನಮ್ಮ ವರ್ಕ್‌ಶಾಪ್‌ಗಳಿಂದಲೇ ಹೊರಬರಬಾರದು? ಅದನ್ನು ದಿನಾ ಹೊತ್ತು ಮೆಟ್ಟಿಲು ಹತ್ತಬೇಕಾದವರು ನಾವೇ ತಾನೆ?