ಟ್ರಂಕಿನಲ್ಲಿ ಐಶ್ವರ್ಯಾ



ಮೊನ್ನೆ ಟ್ರಂಕು ತೆಗೆದಾಗ ಮಗಳು ನಕ್ಕಳು: "ಅಮ್ಮಾ, ಇದನ್ನೆಲ್ಲ ರದ್ದಿಗೆ ಹಾಕೋದಲ್ವಾ?" ಅವು ಬಂದದ್ದೇ ಬಾಂದ್ರಾದ ರದ್ದಿ ಅಂಗಡಿಯಿಂದ! ಎಲ್ಲವೂ ಐಶ್ವರ್ಯಾ ರೈ ಇದ್ದ ಮುಖಪುಟಗಳು. ನಿಮಗೆ ಈಗ ಬೆರಳು ಆಡಿಸಿದರೆ ಸಿಗುವ ಚಿತ್ರಕ್ಕೆ ನಾವು ವಾರಗಟ್ಟಲೆ ಕಾಯುತ್ತಿದ್ದೆವು.

1993ರ ಪೆಪ್ಸಿ ಜಾಹೀರಾತಿನಲ್ಲಿ ಆಕೆ ಬಂದುಹೋದದ್ದು ಕೆಲವೇ ಸೆಕೆಂಡು. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ತುಳು ಮನೆಯ ಹುಡುಗಿ ಎಂದು ತಿಳಿದ ಮೇಲೆ ಬಿಡಲಾದೀತೇ? 1994ರಲ್ಲಿ ಮಿಸ್ ಇಂಡಿಯಾ ಕಿರೀಟ ಸುಶ್ಮಿತಾ ಸೇನ್ ಪಾಲಾದಾಗ ನನಗೆ ಊಟ ಸೇರಲಿಲ್ಲ. ನವೆಂಬರಿನಲ್ಲಿ ಸನ್ ಸಿಟಿಯಲ್ಲಿ ವಿಶ್ವಸುಂದರಿಯಾದಳು. 2003ರಲ್ಲಿ 'ಟೈಮ್' ಏಷ್ಯಾ ಆವೃತ್ತಿಯ ಮುಖಪುಟ. ಅದನ್ನು ಮಾತ್ರ ಪೂರ್ತಿ ಬೆಲೆ ಕೊಟ್ಟು ತಂದೆ.

ಮಾಡೆಲಿಂಗಿಗಾಗಿ ಆಕೆ ಆರ್ಕಿಟೆಕ್ಚರ್ ಓದು ಬಿಟ್ಟಳು. ಅದೇ ಸುಮಾರಿಗೆ ಮದುವೆಯಾಗಿ ನಾನು ಇಂಗ್ಲಿಷ್ ಎಂ.ಎ. ಆಸೆ ಬಿಟ್ಟೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಧ್ಯಾಹ್ನ ಕೂತು ಮುಖಪುಟ ಕತ್ತರಿಸುತ್ತಿದ್ದೆ, ಅಷ್ಟೆ.

2024ರ ಸೆಪ್ಟೆಂಬರಿನಲ್ಲಿ, 50ರ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ಲೋರಿಯಲ್‌ಗಾಗಿ ಆಕೆ ಕೆಂಪು ಉಡುಪು ತೊಟ್ಟು ನಡೆದದ್ದನ್ನು ಮಗಳೇ ಫೋನಿನಲ್ಲಿ ತೋರಿಸಿದ್ದಳು. ಟ್ರಂಕಿನ ಕಥೆ ಕೇಳಿದ ಮೇಲೆ ಅದೇ ಫೋನಿನಲ್ಲಿ ಎಂ.ಎ. ಅರ್ಜಿ ತೆರೆದು ಕೈಗಿತ್ತಿದ್ದಾಳೆ. ಹೆಸರು, ಹುಟ್ಟಿದ ತಾರೀಖು ತುಂಬಿದ್ದೇನೆ.