ಯುದ್ಧ ಬೇಕೆನ್ನುವವರು ಮೊದಲು ಕಣಕ್ಕಿಳಿಯಲಿ

ಕಾರ್ಕಳದ ಬಂಡೆಯ ಮೇಲೆ 42 ಅಡಿ ಎತ್ತರಕ್ಕೆ ನಿಂತಿರುವ ಗೊಮ್ಮಟನ, ಅಂದರೆ ಬಾಹುಬಲಿಯ, ಕಾಲು, ತೋಳುಗಳಿಗೆ ಕಲ್ಲಿನ ಬಳ್ಳಿ ಹಬ್ಬಿದೆ. 1432ರಲ್ಲಿ ಭೈರರಸ ವೀರಪಾಂಡ್ಯ ನಿಲ್ಲಿಸಿದ ಈ ಮೂರ್ತಿಯಲ್ಲಿ ನಾವು ಕಾಣುವುದು ತ್ಯಾಗವನ್ನು. ಆ ತ್ಯಾಗಕ್ಕೆ ಮುಂಚಿನ ಗಳಿಗೆಯೂ ಅಷ್ಟೇ ದೊಡ್ಡದು. ಭರತ, ಬಾಹುಬಲಿಯರ ಸೇನೆಗಳು ಎದುರುಬದುರಾದಾಗ ಮಂತ್ರಿಗಳು ಅಡ್ಡ ಬಂದರು. ಅಣ್ಣತಮ್ಮಂದಿರ ಜಗಳಕ್ಕೆ ಸೈನಿಕರು ಯಾಕೆ ಸಾಯಬೇಕು ಎಂಬುದು ಅವರ ಅಳಲು. ಹಾಗಾಗಿಯೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರೂ ಅವರಿಬ್ಬರ ನಡುವೆಯೇ ನಡೆದವು. ಪಂಪನ ಆದಿಪುರಾಣದ ಈ ಪ್ರಸಂಗದಲ್ಲಿ ಒಂದು ರಾಜನೀತಿ ಇದೆ: ಯುದ್ಧ ಬೇಕೆನ್ನುವವನೇ ಅದರ ಪೆಟ್ಟು ತಿನ್ನಬೇಕು.

19ನೇ ಶತಮಾನದ ಯುರೋಪು ಈ ನೀತಿಯನ್ನು ತಲೆಕೆಳಗು ಮಾಡಿತು. ಡೇನಿಷ್ ಮತ್ತು ಜರ್ಮನ್ ಎರಡೂ ಭಾಷೆಯವರಿದ್ದ ಶ್ಲೆಸ್ವಿಗ್ ಪ್ರಾಂತ್ಯವನ್ನು ಕೋಪನ್‌ಹೇಗನ್‌ನ ರಾಷ್ಟ್ರವಾದಿಗಳು 1863ರ ಸಂವಿಧಾನದ ಮೂಲಕ ಡೆನ್ಮಾರ್ಕಿಗೆ ಬಿಗಿಯಲು ಹೊರಟರು. ಪ್ರಷ್ಯದ ಬಿಸ್ಮಾರ್ಕನಿಗೆ ಬೇಕಾಗಿದ್ದ ನೆಪ ಅದೇ. 1864ರ ಏಪ್ರಿಲ್ 18ರಂದು ಡ್ಯುಬೋಲ್‌ನಲ್ಲಿ ಡೇನರ ಕೋಟೆಸಾಲು ಕುಸಿಯಿತು. ಡೇನಿಷ್ ಹುಡುಗರು ಬಂದೂಕಿನ ಬಾಯಿಗೆ ಮದ್ದುಗುಂಡು ಹಾಕಿ, ಗಜದಿಂದ ಜಡಿದು ಹೊಡೆಯಬೇಕಿತ್ತು. ಪ್ರಷ್ಯನ್ನರು ಹಿಂಬದಿಯಿಂದ ಗುಂಡು ತುಂಬಿ, ಮಲಗಿದಲ್ಲಿಂದಲೇ ಹೊಡೆಯುತ್ತಿದ್ದರು. ಹಣವಿದ್ದ ಡೇನರಿಗೆ ತಮ್ಮ ಬದಲು ಬೇರೊಬ್ಬನನ್ನು ಸೇನೆಗೆ ಕಳಿಸುವ ಅವಕಾಶವೂ ಇತ್ತು. ಬಡ ರೈತನ ಮಕ್ಕಳಿಗೆ ಆ ದಾರಿ ಇರಲಿಲ್ಲ. ಎರಡೇ ವರ್ಷದಲ್ಲಿ ಗೆದ್ದವರೂ ಕಚ್ಚಾಡಿದರು. 1866ರಲ್ಲಿ ಪ್ರಷ್ಯ ಮತ್ತು ಡೇನರ ವಿರುದ್ಧ ಅದರ ಜೊತೆಗಿದ್ದ ಆಸ್ಟ್ರಿಯಾದ ನಡುವೆ ನಡೆದ ಕಾಳಗಕ್ಕೆ ಜರ್ಮನ್ನರೇ ಇಟ್ಟ ಹೆಸರು ‘ಸೋದರರ ಯುದ್ಧ’.

ಪುರಾಣ ಬೇರೆ, ರಾಜ್ಯಭಾರ ಬೇರೆ ಎನ್ನುವವರಿದ್ದಾರೆ. ಮನೆಗೆ ನುಗ್ಗಿದವನನ್ನು ತಡೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಡೆಯುವ ಶಕ್ತಿ ನೋಡಿಕೊಳ್ಳದೆ ಕೆಣಕುವುದು ದೇಶರಕ್ಷಣೆಯಾಗದು. ಶ್ಲೆಸ್ವಿಗ್‌ನ ಗಡಿ ಕೊನೆಗೆ ನಿರ್ಧಾರವಾದದ್ದು 1920ರಲ್ಲಿ, ಜನರ ಮತದಿಂದ: ಉತ್ತರ ಭಾಗ ಡೆನ್ಮಾರ್ಕಿಗೆ ಹೋಯಿತು, ಅದರ ದಕ್ಷಿಣದ್ದು ಜರ್ಮನಿಯಲ್ಲೇ ಉಳಿಯಿತು. ಜರ್ಮನಿ ಮೊದಲ ಮಹಾಯುದ್ಧದಲ್ಲಿ ಸೋತದ್ದರಿಂದಲೇ ಆ ಮತದಾನ ಸಾಧ್ಯವಾಯಿತಲ್ಲ ಎಂದರೆ, ನಿಜ. ಆದರೂ ಗೆರೆ ಎಲ್ಲಿ ಬೀಳಬೇಕೆಂದು ಹೇಳಿದವರು ಅಲ್ಲಿನ ನಿವಾಸಿಗಳು. 1940ರಲ್ಲಿ ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿದರೂ, 1945ರಲ್ಲಿ ಸೋತರೂ ಆ ಗೆರೆ ಕದಲಲಿಲ್ಲ. 1864ರಲ್ಲಿ ಫಿರಂಗಿ ಎಳೆದ ಗಡಿ ಅರುವತ್ತು ವರ್ಷವೂ ಬಾಳಲಿಲ್ಲ. ಮತ ಎಳೆದದ್ದು ನೂರು ದಾಟಿದೆ.

ಯುದ್ಧದ ಕೂಗು ಇಂದು ಉಡುಪಿ, ಮಣಿಪಾಲ, ಕಾಪುವಿನ ಮೊಬೈಲುಗಳಲ್ಲೂ ದಿನಬೆಳಗಾದರೆ ಕೇಳಿಸುತ್ತದೆ. ಸೈನಿಕನ ಮೇಲಿನ ಗೌರವ ಆ ಕೂಗಿನ ಎತ್ತರದಲ್ಲಿಲ್ಲ, ಅವನ ಪ್ರಾಣವನ್ನು ಕೊನೆಯ ದಾರಿಯಾಗಿ ಮಾತ್ರ ಪಣಕ್ಕಿಡುವುದರಲ್ಲಿದೆ. ವೇದಿಕೆಯಲ್ಲಿ ರಣಕಹಳೆ ಊದುವವರನ್ನು ಆ ಮಂತ್ರಿಗಳಂತೆ ಎದುರಿಗೇ ಕೇಳೋಣ: ಈ ಜಗಳ ಯಾರದು, ನಿಮ್ಮ ಮನೆಯಿಂದ ಹೊರಡುವವರು ಯಾರು?